ಒಲೆಯ ಬಾಗಿಲು ತೆರೆದವಳು

ಮಂಚದ ಹಿಂದಿನ ಗೋಡೆಯಲ್ಲಿ, ನೆಲದಿಂದ ಮೂರನೆಯ ಸಾಲಿನಲ್ಲಿ, ಒಂದು ಇಟ್ಟಿಗೆಯ ಮೇಲೆ ಉಗುರಿನಷ್ಟು ಜಾಗದಲ್ಲಿ ಬೂಷ್ಟಿನಂಥ ಬಿಳಿ ನವಿರು ಎದ್ದಿತ್ತು. ಒರೆಸುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ಕುಕ್ಕುರುಗಾಲಿನಲ್ಲಿ ಕೂತುಬಿಟ್ಟೆ.

ನಾಳೆ ಬೆಳಿಗ್ಗೆ ಹತ್ತಕ್ಕೆ ಈ ಕೋಣೆಯ ಬಾಗಿಲಿಗೆ ಮುದ್ರೆ ಬೀಳುತ್ತದೆ. ನಲವತ್ತು ದಿನ ಮೂವರು ಒಳಗಿರಬೇಕು, ಹೊರಗಿನ ಗಾಳಿ ಇಲ್ಲದೆ. ಮಂಗಳ ಗ್ರಹಕ್ಕೆ ಇಟ್ಟಿಗೆ ಹೊತ್ತುಕೊಂಡು ಹೋಗುವುದು ಆಗದ ಮಾತು. ಒಂದು ಚೀಲ ಅಣಬೆ ಬೀಜ ಒಯ್ದು ಮನೆಯನ್ನು ಅಲ್ಲೇ ಬೆಳೆಸಬಹುದು ಎನ್ನುವುದು ನಮ್ಮ ಪ್ರಯೋಗಾಲಯದವರ ನಂಬಿಕೆ. ಅದರ ಪರೀಕ್ಷೆಗೆಂದೇ ಅಂಥ ಇಟ್ಟಿಗೆಯಿಂದ ಕಟ್ಟಿದ ಕೋಣೆ ಇದು. ಅಲ್ಲಿನ ಮಣ್ಣಿನಂಥದೇ ಕೆಂಪು ಪುಡಿಗೆ ಮರದ ಹೊಟ್ಟು ಕಲಸಿ ಅಚ್ಚಿಗೆ ತುಂಬಿದರೆ, ಅಣಬೆಯ ಎಳೆಗಳು ಹತ್ತು ದಿನದಲ್ಲಿ ಎಲ್ಲವನ್ನೂ ಹೆಣೆದು ಗಟ್ಟಿ ಮಾಡುತ್ತವೆ. ಆಮೇಲೆ ಒಲೆಯಲ್ಲಿ ಆರು ಗಂಟೆ ಬೇಯಿಸಿ ಅಣಬೆಯನ್ನು ಸಾಯಿಸಬೇಕು. ಸಾಯದೆ ಉಳಿದರೆ ಮುಚ್ಚಿದ ಕೋಣೆಯಲ್ಲಿ ಮತ್ತೆ ಚಿಗುರಿ, ಕಣ್ಣಿಗೆ ಕಾಣದ ಧೂಳು ಉದುರಿಸಿ, ಒಳಗಿರುವವರ ಎದೆ ಕಟ್ಟಿಸುತ್ತದೆ.

ಬೇಯಿಸುವ ಕೆಲಸ ನನ್ನದು. ಒಳಗಿರಬೇಕಾದ ಮೂವರಲ್ಲಿ ಒಬ್ಬರು ನನ್ನ ಭಾವ, ಅಕ್ಕನ ಗಂಡ. ಈ ಗೋಡೆ ಕಟ್ಟಿದ ಗಾರೆ ಕೆಲಸದವರು. ಬಿರುಕು ಬಿಟ್ಟರೆ ಒಳಗಿನಿಂದಲೇ ಸರಿಮಾಡಲಿ ಎಂದು ಅವರನ್ನು ಆರಿಸಿದ್ದರು.

"ಏನಮ್ಮ ಇಣುಕಮ್ಮ, ಗೋಡೆ ಜೊತೆ ಗುಟ್ಟು ಮಾತಾಡ್ತಿದ್ದೀಯಾ?" ಭಾವ ಹಾಸಿಗೆ ಹೊತ್ತು ಬಂದರು. ಒಲೆ ಮೇಲಿಟ್ಟ ಪಾತ್ರೆಯ ಮುಚ್ಚಳವನ್ನು ಐದು ಸಲ ತೆಗೆದು ನೋಡುವವಳೆಂದು ಅವರೇ ಇಟ್ಟ ಹೆಸರು ಅದು.

ತೋರಿಸಿದೆ. ಬೆರಳಿನಿಂದ ಉಜ್ಜಿ ನೋಡಿದರು. "ಉಪ್ಪು ಕಣಮ್ಮ. ಹೊಸ ಗೋಡೆ ಬೆವರುತ್ತೆ. ನಿನ್ನ ಕಣ್ಣಿಗೆ ಹಗ್ಗಾನೂ ಹಾವೇ."

"ಬೇಯುವಾಗ ನಾನು ಒಲೆ ಬಾಗಿಲು ತೆಗೀತಿದ್ದೆ, ಭಾವ."

"ಯಾಕೆ?"

"ಸರಿಯಾಗಿ ಬೇಯ್ತಿದೆಯೋ ಇಲ್ವೋ ನೋಡೋಕೆ."

ನಡುವೆ ತೆರೆಯಬಾರದೆಂದು ಒಲೆಯ ಮೇಲೆಯೇ ಬರೆದಿದೆ. ಸಂಜೆ ಕ್ಲಾಸಿನಲ್ಲಿ ಓದಿ ಬಂದವಳು ನಾನು. ಮೀಟರಿನ ಅಂಕಿಯನ್ನು ಓದಲು ಕಲಿತಿದ್ದೆ, ನಂಬಲು ಕಲಿತಿರಲಿಲ್ಲ. ಪ್ರತಿ ಸಲ ಕಾವು ಹೊರಗೆ ಹೋಗುತ್ತಿತ್ತು. ಗಡಿಯಾರ ಮಾತ್ರ ಆರು ಗಂಟೆ ಎಣಿಸಿ ಸುಮ್ಮನಾಗುತ್ತಿತ್ತು.

ಭಾವ ಹಾಸಿಗೆ ಕೆಳಗಿಟ್ಟರು. "ಬಾಯಿ ಮುಚ್ಚಿಕೊಂಡಿರು. ಬೀದಿಗೆಲ್ಲ ಹೇಳ್ಕೊಂಡಿದ್ದೀನಿ. ನಿಮ್ಮಕ್ಕ ನಲವತ್ತು ದಿನಕ್ಕೆ ಬಟ್ಟೆ ಮಡಿಸಿಟ್ಟಿದ್ದಾಳೆ."

"ನಿಮ್ಮ ಎದೆ..."

"ಇಪ್ಪತ್ತು ವರ್ಷ ಸಿಮೆಂಟು ಕುಡಿದಿರೋ ಎದೆ ಇದು. ಅಣಬೆಗೆ ಹೆದರುತ್ತಾ?"

ನಾನು ಎದ್ದು ಪ್ರಯೋಗಾಲಯ ನಡೆಸುವ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ.

"ಯಾವ ಯಾವ ಸರದಿಯ ಇಟ್ಟಿಗೆ ಬೇಯುವಾಗ ಬಾಗಿಲು ತೆಗೆದೆ?" ಮೇಡಂ ಕೇಳಿದರು.

"ಗೊತ್ತಿಲ್ಲ ಮೇಡಂ. ಬರೆದಿಟ್ಟಿಲ್ಲ."

"ನೀನಾ? ಪೆನ್ಸಿಲ್ ಮುರಿದ್ರೂ ಬರೆದಿಡ್ತೀಯಲ್ಲಮ್ಮ."

"ತೆಗೀಬಾರದು ಅಂತ ಗೊತ್ತಿತ್ತು. ಅದಕ್ಕೇ ಬರೀಲಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಪ್ಪತ್ತು ಇಟ್ಟಿಗೆ ಒಡೆದು ನೋಡುವುದೆಂದಾಯಿತು. ಎಲ್ಲವೂ ಬೆಂದಿದ್ದರೆ ತೇಪೆ ಹಾಕಿ ನಾಳೆ ಬಾಗಿಲು ಹಾಕುವುದು. ಒಂದು ಹಸಿಯಿದ್ದರೂ ಇಡೀ ಕೋಣೆ ಕೆಡವುವುದು.

ಭಾವ ನನ್ನ ಮುಖ ನೋಡದೆ ಉಳಿ, ಸುತ್ತಿಗೆ ತಂದರು. ಮೊದಲಿಗೆ ನಾನು ತೋರಿಸಿದ ಇಟ್ಟಿಗೆಯನ್ನೇ ಒಡೆದರು. ಒಳಗೆ ಕಂದು ಬಣ್ಣ, ಒಣಗಿದ ರೊಟ್ಟಿಯ ಹಾಗೆ. ಮೇಲಿದ್ದದ್ದು ಉಪ್ಪೇ.

"ನಾನೇನಂದೆ?"

ಎರಡನೆಯದು ಒಣಗಿತ್ತು. ಐದನೆಯದು, ಎಂಟನೆಯದು ಕೂಡ. ಒಂದಾದರೂ ಹಸಿ ಸಿಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಭಾವನ ಎದೆಗಾಗಿಯಲ್ಲ, ನನ್ನ ಮಾತು ಉಳಿಯಲಿ ಎಂದು. ಅದು ಹೊಳೆದಾಗ ತಲೆ ತಗ್ಗಿಸಿ ಚೂರು ಆರಿಸತೊಡಗಿದೆ.

ಹನ್ನೊಂದನೆಯದು ಅವರ ದಿಂಬಿನ ನೇರಕ್ಕಿತ್ತು. ಏಟಿಗೆ ಬಿರಿಯದೆ ಮೆತ್ತಗೆ ಹರಿಯಿತು. ಒಳಗೆ ಬೆಳ್ಳಗೆ, ಒದ್ದೆ ಹತ್ತಿಯ ಹಾಗೆ.

ಭಾವ ಒಂದು ಚೂರು ಮೂಸಿ ನೋಡಿ ಕೆಳಗಿಟ್ಟರು. ಮತ್ತೆ ಸುತ್ತಿಗೆ ಎತ್ತಿದರು.

"ಸಾಕು ಭಾವ, ಸಿಕ್ತಲ್ಲ."

"ಇಡೀ ಕೋಣೆ ಕೆಡವಬೇಕು ಅಂದ್ರಲ್ಲ. ಕಟ್ಟಿದವನೇ ಕೆಡವಲಿ."

"ಮುಖಕ್ಕೆ ಮಾಸ್ಕ್ ಹಾಕ್ಕೊಳ್ಳಿ."

ಕೈಚಾಚಿ ಇಸಿದುಕೊಂಡು ಹಾಕಿಕೊಂಡರು. ಸಂಜೆಯವರೆಗೂ ನಾನು ಚೂರು ಹೊತ್ತೆ, ಅವರು ಒಡೆದರು. ಒಮ್ಮೆಯೂ ಇಣುಕಮ್ಮ ಅನ್ನಲಿಲ್ಲ.