ಬಾಗಿಲ ಮೇಲೆ ಹನ್ನೊಂದು ಜೊತೆ ಬೂಟು

ನಮ್ಮ ಬ್ಯಾಂಡಿನ ಡ್ರಮ್ಮರ್ ವಿಂಕೋ ಲೂಚಿನ್‌ಗೆ ಒಂದು ಅಭ್ಯಾಸ ಇತ್ತು. ಬಾರಿಸುವಾಗ ಅವನು ನಮ್ಮ ಮುಖ ನೋಡುತ್ತಿರಲಿಲ್ಲ, ಡ್ರಮ್ಮನ್ನೂ ನೋಡುತ್ತಿರಲಿಲ್ಲ. ಕತ್ತು ಮುಂದೆ ಚಾಚಿಕೊಂಡು ನೆಲ ನೋಡುತ್ತಿದ್ದ. ಮೂರು ವರ್ಷ ಅವನ ಪಕ್ಕದಲ್ಲೇ ನಿಂತು ಬೇಸ್ ಗಿಟಾರ್ ನುಡಿಸಿದ ನಾನು, ಪಾಪ, ಹುಡುಗನಿಗೆ ಜನರೆಂದರೆ ನಾಚಿಕೆ ಅಂದುಕೊಂಡಿದ್ದೆ. ಹಾಗಲ್ಲ ಅಂತ ತಿಳಿದದ್ದು ಅರವತ್ತೆರಡನೇ ಇಸವಿಯ ಆಗಸ್ಟ್‌ನಲ್ಲಿ, ನಮ್ಮ ಮೊದಲ ರೆಕಾರ್ಡ್ ಮಾಡಲು ಕೂತ ದಿನ.

ಬ್ಯಾಂಡಿನ ಹೆಸರು ಬ್ರೇಕ್‌ವಾಟರ್ಸ್. ಸ್ಯಾನ್ ಪೀಡ್ರೋ ಬಂದರಿನ ಮುಂದೆ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿರುವ ಕಲ್ಲಿನ ಗೋಡೆಯ ಹೆಸರೇ ಅದು. ಅದರ ಮೇಲೆ ಕೂತು ಗಾಳ ಹಾಕದವರು ನಮ್ಮೂರಲ್ಲಿ ಯಾರಿದ್ದಾರೆ. ವಿಂಕೋ, ನಾನು ರೂಡಿ ಅರೆಯಾನೋ, ಮುಖ್ಯ ಗಿಟಾರಿನ ಡೇಲ್, ಮತ್ತೆ ಸ್ಯಾಕ್ಸಫೋನ್ ಊದುವ ಅರ್ವಿನ್. ಅರ್ವಿನ್ ಊದುವುದಕ್ಕೆ ಬಿಟ್ಟರೆ ಬಾಯಿ ತೆರೆದವನಲ್ಲ. ಶನಿವಾರ ಶನಿವಾರ ಮೀನುಗಾರರ ಸಂಘದ ಹಾಲ್‌ನಲ್ಲಿ ನಮ್ಮದು ಕುಣಿತದ ಸಂಜೆ. ಹಲಗೆ ಹತ್ತಿ ಅಲೆ ಮೇಲೆ ಸವಾರಿ ಮಾಡುವ ಹುಡುಗ ಹುಡುಗಿಯರು ಕಾಲಿನ ಮರಳು ಕೂಡ ಒದರದೆ ಬಂದು, ಆ ಹಳೇ ಮರದ ನೆಲವನ್ನು ಮುನ್ನೂರು ಕಾಲಲ್ಲಿ ಧಡ್ ಧಡ್ ಅಂತ ತುಳಿಯುತ್ತಿದ್ದರು. ನಮ್ಮ ಸಂಗೀತಕ್ಕೆ ಮಾತಿರಲಿಲ್ಲ, ಬರೀ ವಾದ್ಯ. ಡೇಲನ ಗಿಟಾರಿಗೆ ಸ್ಪ್ರಿಂಗ್ ತುಂಬಿದ ಒಂದು ಪೆಟ್ಟಿಗೆ ಸಿಕ್ಕಿಸಿದ್ದೆವು; ಅದರೊಳಗೆ ಹೊಕ್ಕ ಸ್ವರ ನೀರಲ್ಲಿ ಅದ್ದಿ ತೆಗೆದ ಹಾಗೆ ಒದ್ದೆಯಾಗಿ ಹೊರಗೆ ಬರುತ್ತಿತ್ತು.

ರೆಕಾರ್ಡ್ ಮಾಡಿಸಲು ಮುಂದೆ ಬಂದವರು ಪರ್ಸೆಲ್ ಅಂತ ಒಬ್ಬ ಸಾಹೇಬರು. ಒಳ್ಳೆಯವರೇ. ಹಾಸಿಗೆ ಅಂಗಡಿ ಮುಚ್ಚಿಹೋಗಿದ್ದ ಜಾಗವನ್ನು ಬಾಡಿಗೆಗೆ ಹಿಡಿದು, ಮಾರಾಟವಾಗದೆ ಉಳಿದ ಹಾಸಿಗೆಗಳನ್ನು ಗೋಡೆಗೆಲ್ಲ ಹೊಡೆದು, ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿ ಸ್ಟುಡಿಯೋ ಮಾಡಿದ್ದರು. ಒಳಗೆ ಕೆಮ್ಮಿದರೆ ಕೆಮ್ಮು ಅಲ್ಲೇ ಸತ್ತುಬೀಳುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಹನ್ನೊಂದರ ಹೊತ್ತಿಗೆ ಹನ್ನೆರಡು ಹಾಡಿನಲ್ಲಿ ಒಂದೂ ಮುಗಿದಿರಲಿಲ್ಲ. ವಿಂಕೋನ ತಾಳ ಒಮ್ಮೆ ಓಡುತ್ತಿತ್ತು, ಒಮ್ಮೆ ಕುಂಟುತ್ತಿತ್ತು. ಡೇಲ್ ಅವನ ಹಿಂದೆ ಬಿದ್ದು ಬಿದ್ದು ಸುಸ್ತಾಗಿ, ಎರಡು ದಿನದಿಂದ ದಕ್ಷಿಣದಿಂದ ದೊಡ್ಡ ಅಲೆ ಏಳುತ್ತಿದೆ, ಊರಿಗೆ ಊರೇ ಹಲಗೆ ಹಿಡಿದು ನೀರಲ್ಲಿದೆ, ನಾನೊಬ್ಬ ಇಲ್ಲಿ ಹಾಸಿಗೆ ಮಧ್ಯೆ ಬೇಯುತ್ತಿದ್ದೇನೆ ಅಂತ ಗೊಣಗಲು ಶುರು ಮಾಡಿದ.

ಪರ್ಸೆಲ್ ಸಾಹೇಬರು ಒಳಕೋಣೆಗೆ ಹೋಗಿ ಫೋನ್ ಮಾಡಿ ಬಂದರು. ಲೂ ಅಂತ ಒಬ್ಬ ಅನುಭವಸ್ಥ ಡ್ರಮ್ಮರ್ ಎರಡು ಗಂಟೆಗೆ ಬರುತ್ತಾನೆ, ಅಲ್ಲಿವರೆಗೆ ಎಲ್ಲರೂ ಊಟ ಮಾಡಿಕೊಳ್ಳಿ ಅಂದರು. ಆಮೇಲೆ ವಿಂಕೋನ ಹೆಗಲ ಮೇಲೆ ಕೈಯಿಟ್ಟು, ತಮಗೆ ತಿಳಿದಷ್ಟು ಮೆತ್ತಗೆ ಹೇಳಿದರು: "ಬೇಜಾರು ಮಾಡ್ಕೋಬೇಡಪ್ಪ. ಕವರ್ ಮೇಲಿನ ಫೋಟೋದಲ್ಲಿ ನೀನೇ ಇರ್ತೀಯ."

ಅವನ ಮುಖ ನೋಡಲಾಗಲಿಲ್ಲ. ಹಿತ್ತಲಿನ ಶೆಡ್ಡಲ್ಲಿ ಟ್ಯೂನಾ ಡಬ್ಬಿಗಳನ್ನು ಬಡಿದು ಕಲಿತವನು. ತನ್ನ ಕೈಯ ಸದ್ದು ರೆಕಾರ್ಡಲ್ಲಿ ಬರುತ್ತದೆ ಅಂತ ಬೀದಿಗೆಲ್ಲ ಹೇಳಿಕೊಂಡಿದ್ದ. ಈಗ ಯಾರದೋ ಸದ್ದಿಗೆ ಇವನ ಫೋಟೋ.

ಹೊರಗೆ ಮೆಟ್ಟಿಲ ಮೇಲೆ ಅವನ ಪಕ್ಕ ಕೂತೆ. ಬೆಳಿಗ್ಗೆಯಿಂದ ಅವನು ಕಾರ್ಪೆಟನ್ನೇ ನೋಡುತ್ತಿದ್ದುದು ನೆನಪಾಗಿ, "ಅಲ್ವೋ, ಕೆಳಗೆ ಯಾರನ್ನ ನೋಡ್ತಿದ್ದೆ?" ಅಂದೆ.

"ಯಾರೂ ಇಲ್ವಲ್ಲೋ," ಅಂದ. "ಅದೇ ಕಷ್ಟ."

ಮೆಲ್ಲಗೆ ಬಿಡಿಸಿ ಹೇಳಿದ. ಚಿಕ್ಕವನಿದ್ದಾಗ ಅದೇ ಸಂಘದ ಹಾಲ್‌ನಲ್ಲಿ ಅವರ ಕ್ರೊಯೇಷಿಯಾದವರ ಮದುವೆ ನಡೆದರೆ, ಇವನು ಊಟದ ಮೇಜಿನ ಕೆಳಗೆ ನುಸುಳಿ, ಸುತ್ತು ಕಟ್ಟಿ ಕುಣಿಯುವವರ ಕಾಲು ನೋಡುತ್ತಾ ಚಮಚದಲ್ಲಿ ತಾಳ ಹಾಕುತ್ತಿದ್ದನಂತೆ. ಅಂದಿನಿಂದ ಇಂದಿನವರೆಗೆ ತಾಳವನ್ನು ಅವನು ಹುಟ್ಟಿಸಿದ್ದೇ ಇಲ್ಲ, ಕಾಲುಗಳಿಂದ ಎತ್ತಿಕೊಂಡಿದ್ದಾನೆ ಅಷ್ಟೇ. ಶನಿವಾರ ಮುನ್ನೂರು ಕಾಲು. ಇವತ್ತು ಸೊನ್ನೆ.

ಕಾಲು ತಾನೇ ಬೇಕು ಅಂತ ನಾನು ಎದ್ದೆ. ಆದರೆ ಕುಣಿಯುವ ಹುಡುಗರೆಲ್ಲ ಡೇಲ್ ಹೇಳಿದ ಹಾಗೆ ನೀರಲ್ಲಿದ್ದರು. ಅಲೆ ಎದ್ದ ದಿನ ಅವರನ್ನು ದಡಕ್ಕೆ ಕರೆಯಲು ಅವರಮ್ಮಂದಿರಿಂದಲೂ ಆಗದು. ಅಮ್ಮಂದಿರು ಅಂದಾಗ ತಲೆಗೆ ಹೊಳೆಯಿತು.

ವಿಂಕೋನ ಅಮ್ಮ ಜೆಲ್ಕಾ ಅವರೂ ನಮ್ಮ ಚೆಲೋ ಅತ್ತೆಯೂ ಅವರ ಬೀದಿಯ ಅರ್ಧ ಹೆಂಗಸರೂ ಬಂದರಿನ ಕಾಲುವೆಯಾಚೆಯ ಮೀನು ಕಾರ್ಖಾನೆಯಲ್ಲಿ ಡಬ್ಬಿ ತುಂಬುವವರು. ಅಲ್ಲಿ ಕೆಲಸಕ್ಕೆ ಗಡಿಯಾರವಿಲ್ಲ. ದೋಣಿ ಮೀನು ತಂದಾಗ ಕಾರ್ಖಾನೆ ಸೀಟಿ ಕೂಗಿಸುತ್ತದೆ. ಒಂದೊಂದು ಕಾರ್ಖಾನೆಗೆ ಒಂದೊಂದು ಕೂಗು. ಇವರದು ಎರಡು ಗಿಡ್ಡ, ಒಂದು ಉದ್ದ. ಕೂಗು ಕೇಳಿದರೆ ಒಲೆ ಮೇಲಿದ್ದದ್ದನ್ನು ಇಳಿಸಿ, ಕಾಲುವೆ ದಾಟಿಸುವ ದೋಣಿಯ ಕಟ್ಟೆಗೆ ಓಡಬೇಕು. ಅಲ್ಲಿವರೆಗೆ ತಲೆಗೆ ಬಲೆ ಕಟ್ಟಿ, ರಬ್ಬರ್ ಬೂಟು ಹಾಕಿ ಜೆಲ್ಕಾ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕಾಯುತ್ತಾರೆ. ನಾನು ಹೋದಾಗ ಹನ್ನೊಂದು ಜನ ಇದ್ದರು.

ವಿಷಯ ಹೇಳಿದೆ. ಫೋಟೋ ಮಾತು ಬಂದಾಗ ಜೆಲ್ಕಾ ಲೋಟ ಕೆಳಗಿಟ್ಟರು.

"ನಾಲ್ಕು ವರ್ಷ ಆ ಡಬ್ಬಿ ಬಡಿತ ತಡ್ಕೊಂಡಿದ್ದು ನಾನು," ಅಂದರು. "ಈಗ ಬೇರೆಯವನು ಬಂದು ಬಾರಿಸ್ತಾನಾ? ನಡೀರೇ."

ಚೆಲೋ ಅತ್ತೆ ಮೊಣಕಾಲು ನೋವು ಅಂತ ರಾಗ ತೆಗೆದಳು. ಮೀನಿನ ಮುಂದೆ ಎಂಟು ಗಂಟೆ ನಿಲ್ಲುವಾಗ ನೋಯದ ಮೊಣಕಾಲು ಈಗ ನೋಯುತ್ತಾ ಅಂತ ಜೆಲ್ಕಾ ಕೇಳಿದ ಮೇಲೆ ಎಲ್ಲರಿಗಿಂತ ಮುಂದೆ ನಡೆದಳು.

ಪರ್ಸೆಲ್ ಸಾಹೇಬರು ಬಾಗಿಲಲ್ಲಿ ಹನ್ನೊಂದು ಬಿಳಿ ಏಪ್ರನ್ ಕಂಡು, ನಮ್ಮದು ಕಡಲ ಕಿನಾರೆಯ ಹುಡುಗರ ಸಂಗೀತ ಅಮ್ಮ ಅಂದರು. ಕಡಲು ಬೇಕಾ, ಮೂಸಿ ನೋಡಿ, ನಮ್ಮ ಮೈಯಲ್ಲೇ ಇದೆ ಅಂದರು ಜೆಲ್ಕಾ. ಅದಂತೂ ಸುಳ್ಳಲ್ಲ. ಲೂ ಬರುವವರೆಗೆ ಅಂತ ಸಾಹೇಬರು ಒಪ್ಪಿದರು.

ಕಾರ್ಪೆಟ್ ಮೇಲೆ ತುಳಿದರೆ ಸದ್ದಿಲ್ಲ. ಡೇಲನ ಅಲೆಹಲಗೆ ಹಾಸೋಣ ಅಂದೆ; ಅವನು ನನ್ನನ್ನು ನೋಡಿದ ರೀತಿಗೆ ಮಾತು ವಾಪಸ್ ತಗೊಂಡೆ. ಕೊನೆಗೆ ಸಾಹೇಬರ ಕೋಣೆಯ ಬಾಗಿಲನ್ನೂ ಕಕ್ಕಸಿನ ಬಾಗಿಲನ್ನೂ ಕೀಲು ಬಿಚ್ಚಿ ನೆಲಕ್ಕೆ ಹಾಸಿದೆವು. ಆಮೇಲಿನ ಎರಡು ಗಂಟೆ ಯಾರೂ ಆ ಕಡೆ ಹೋಗುವ ಹಾಗಿರಲಿಲ್ಲ, ಅದೂ ಒಂದು ಅವಸರವೇ.

ಮೊದಲ ಸಲ ತುಳಿದಾಗ ಸ್ಪ್ರಿಂಗ್ ಪೆಟ್ಟಿಗೆ ಅಲುಗಿ ಗುಡುಗು ಹೊಡೆದ ಹಾಗೆ ಸದ್ದಾಯಿತು. ಗೋಡೆಯಿಂದ ಒಂದು ಹಾಸಿಗೆ ಕಿತ್ತು ಪೆಟ್ಟಿಗೆಯನ್ನು ಅದರ ಮೇಲೆ ಮಲಗಿಸಿದೆವು. ಎರಡನೇ ಸಲ ಹನ್ನೊಂದು ಜೊತೆ ಬೂಟು ಒಟ್ಟಿಗೆ ಬಿತ್ತು. ವಿಂಕೋ ಕತ್ತು ಚಾಚಿದ. ಅವನ ಕೋಲು ಆ ಬೂಟುಗಳ ಮೇಲೆ ಎಷ್ಟು ಸಲೀಸಾಗಿ ಹತ್ತಿ ಕೂತಿತೆಂದರೆ, ಅಲೆ ಮರೆತು ನಗುತ್ತಾ ನುಡಿಸಿದ ಡೇಲ್. ಒಂದಾದ ಮೇಲೊಂದು ಹರಿಯಿತು. ಪ್ರತಿಯೊಂದೂ ಎರಡು ಎರಡೂವರೆ ನಿಮಿಷದ್ದು. ನಡುನಡುವೆ ಹೆಂಗಸರು ನೀರು ಕುಡಿದರು, ಅರ್ವಿನ್‌ಗೆ ಮದುವೆ ಯಾವಾಗ ಅಂತ ಕೇಳಿ ಅವನನ್ನು ಕೆಂಪು ಮಾಡಿದರು.

ಒಂದೂ ಮುಕ್ಕಾಲಿಗೆ ಲೂ ಬಂದ. ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಯಾರ ತಂಟೆಗೂ ಹೋಗದೆ ಮೂಲೆಯಲ್ಲಿ ಕೂತು ಸ್ಯಾಂಡ್‌ವಿಚ್ ಬಿಚ್ಚಿದ. ಹನ್ನೊಂದು ಹಾಡು ಮುಗಿದಿತ್ತು, ಹನ್ನೆರಡನೆಯದು ಬಾಕಿ. ಅದನ್ನು ಲೂ ಕೈಲೇ ಬಾರಿಸಿ ನೋಡೋಣ, ಚೆನ್ನಾಗಿ ಬಂದರೆ ಉಳಿದದ್ದನ್ನೂ ತಿದ್ದಬಹುದು ಅನ್ನುವ ಲೆಕ್ಕ ಸಾಹೇಬರ ಮುಖದಲ್ಲಿ ಇನ್ನೂ ಇತ್ತು. ಒಂದು ಸಲ ಇವನೇ ಬಾರಿಸಲಿ ಅಂದ ಲೂ, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ.

ಅರ್ಧಕ್ಕೆ ಬಂದಿದ್ದೆವು. ಹಾಸಿಗೆ ಕಿತ್ತ ಗೋಡೆಯ ಕಡೆಯಿಂದ ಕಾಲುವೆಯಾಚೆಯ ಕೂಗು ಕೇಳಿತು. ಎರಡು ಗಿಡ್ಡ. ಒಂದು ಉದ್ದ.

ಮೈಕು ತೆರೆದಿತ್ತು, ಮಾತಾಡುವ ಹಾಗಿಲ್ಲ. ಜೆಲ್ಕಾ ಮಗನನ್ನು ನೋಡಿದರು. ನಿಲ್ಲುವ ಹಾಗೂ ಇಲ್ಲ. ತಡವಾದರೆ ಸಾಲಿನಲ್ಲಿ ಬೇರೆಯವಳು ನಿಂತಿರುತ್ತಾಳೆ. ತಾಳ ಬಿಡದೆಯೇ ತಿರುಗಿದರು. ಹಿಂದೆ ಚೆಲೋ ಅತ್ತೆ, ಅವಳ ಹಿಂದೆ ಉಳಿದವರು. ಬಾಗಿಲ ಹಲಗೆಯಿಂದ ಇಳಿದು, ಅಂಗಡಿಯ ಮುಂಭಾಗದ ಹಲಗೆ ನೆಲದ ಮೇಲೆ ಧಡಧಡ ಓಡಿ, ಬೀದಿಗೆ ಬಿದ್ದರು. ಬೂಟಿನ ಸದ್ದು ಸಣ್ಣಗಾಗುತ್ತಾ ಹೋಗಿ ನಿಂತಿತು.

ವಿಂಕೋನ ಮುಂದೆ ಈಗ ಎರಡು ಖಾಲಿ ಬಾಗಿಲು. ಒಂದು ಏಟು ಎಲ್ಲೋ ಜಾರುವಂತಾಯಿತು, ಜಾರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಮೂರು ವರ್ಷದಲ್ಲಿ ಮೊದಲ ಸಲ. ನನ್ನ ಕೈಲಿ ಆಗುವುದಾದರೂ ಏನು, ನಾನು ನನ್ನ ನಾಲ್ಕು ತಂತಿ ನುಡಿಸಿದೆ. ಪೂರಾ ಒಂದು ನಿಮಿಷ ಆ ತಾಳ ಬಿಗಿಯಾಗಿ, ಯಾವ ಕಾಲಿನ ಹಂಗೂ ಇಲ್ಲದೆ, ಕೊನೆಯ ಏಟಿನವರೆಗೆ ನಡೆಯಿತು.

ಟೇಪ್ ನಿಂತಿತು. ಲೂ ಸ್ಯಾಂಡ್‌ವಿಚ್ಚಿನ ಕಾಗದ ಮಡಚಿ ಜೇಬಿಗಿಟ್ಟ.

"ಹೆಂಗಸರು ಓಡಿದಾಗ ಇವನ ಜಾಗದಲ್ಲಿ ನಾನಿದ್ದಿದ್ರೆ, ನನ್ನ ತಾಳವೂ ಅವರ ಹಿಂದೇನೇ ಓಡ್ತಿತ್ತು ಸ್ವಾಮಿ," ಅಂದ ಪರ್ಸೆಲ್‌ಗೆ. "ನನ್ನನ್ನ ಯಾಕೆ ಕರೆಸಿದ್ರಿ?"

ಸಾಹೇಬರು ಸ್ಕ್ರೂಡ್ರೈವರ್ ಹುಡುಕಿದರು. ಮೊದಲು ಕಕ್ಕಸಿನ ಬಾಗಿಲು ಹಾಕಿಸಿ ಅಂದರು.

ನವೆಂಬರ್‌ನಲ್ಲಿ ರೆಕಾರ್ಡ್ ಬಂತು. ಕವರಿನ ಹಿಂಬದಿಯಲ್ಲಿ ಅಚ್ಚಾಗಿತ್ತು: ಡ್ರಮ್ಸ್, ವಿಂಕೋ ಲೂಚಿನ್. ಅದರ ಕೆಳಗೆ ಸಾಹೇಬರು ತಮ್ಮ ಬುದ್ಧಿ ಸೇರಿಸಿ, ಈ ರೆಕಾರ್ಡಿನಲ್ಲಿ ಕೇಳುವ ಹೆಜ್ಜೆಗಳು ನಿಜವಾದ ಅಲೆಸವಾರರದು ಅಂತಲೂ ಬರೆಸಿದ್ದರು. ಕೊನೆಯ ಹಾಡಲ್ಲಿ ದೂರದ ಕೂಗು, ಆಮೇಲೆ ಓಡುವ ಕಾಲು. ಹಲಗೆ ಹಿಡಿದು ನೀರಿಗೆ ಓಡುವುದು ಅಂತ ಎಲ್ಲರೂ ಅರ್ಥ ಮಾಡಿಕೊಂಡರು.

ಆ ಶನಿವಾರ ಹಾಲ್‌ನಲ್ಲಿ ಕೋಟು ಇಸಕೊಳ್ಳುವ ಮೇಜಿನ ಹಿಂದೆ ಜೆಲ್ಕಾ ಕೂತಿದ್ದರು. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದ ಒಬ್ಬ ಹುಡುಗ ಗೆಳತಿಗೆ, ಆ ರೆಕಾರ್ಡಲ್ಲಿ ನನ್ನ ಕಾಲೂ ಇದೆ ಅಂತ ಕೊಚ್ಚುತ್ತಿದ್ದ.

"ಹೌದಾ ಮಗಾ?" ಅಂದರು ಜೆಲ್ಕಾ. "ಎಡಗಾಲೋ ಬಲಗಾಲೋ?"

ವೇದಿಕೆ ಮೇಲೆ ವಿಂಕೋ ಕೋಲು ಎತ್ತಿಕೊಂಡ, ಮತ್ತೆ ಕತ್ತು ಚಾಚಿ ನೆಲ ನೋಡಿದ. ಇನ್ನೂ ಯಾಕೋ, ಈಗ ಅದಿಲ್ಲದೇನೂ ಬರುತ್ತಲ್ಲ ಅಂತ ಕೇಳಿದೆ.

"ಬರುತ್ತೆ," ಅಂದ. "ಆದ್ರೂ ನೋಡೋಕೆ ಚೆನ್ನಾಗಿರುತ್ತೆ ಕಣೋ."

ನಾಲ್ಕು ಎಣಿಸಿದ. ನೆಲ ಅದುರಿತು.