ತಿಮಿಂಗಿಲದ ಹೊಟ್ಟೆಯಡಿಯ ಚುಕ್ಕಿ

ಮರದ ಆಟಿಕೆ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ಗೌರವಕ್ಕಲ್ಲ, ಕೆಲಸ ಮುಗಿದ ಕೂಡಲೇ ಎದ್ದೆನೋ ಬಿದ್ದೆನೋ ಎಂದು ಸಂಜೆ ಶಾಲೆಗೆ ಓಡುತ್ತಾಳಲ್ಲ, ಅದಕ್ಕೆ. ಮರದ ಹುಡಿ ಕುಡಿದು ಕುಡಿದು ಕೆಮ್ಮು ಹತ್ತಿತೆಂದು ಆಟಿಕೆ ಉಜ್ಜಿ ನುಣುಪಾಗಿಸುವ ಮೇಜಿನಿಂದ ಅವಳನ್ನು ಬಿಡಿಸಿ, ಪೆಟ್ಟಿಗೆ ತುಂಬುವ ಕೆಲಸಕ್ಕೆ ಹಾಕಿ ಹೆಚ್ಚು ದಿನವಾಗಿರಲಿಲ್ಲ. ಇಲ್ಲಿ ಕಿಟಕಿಯಿತ್ತು, ಹುಡಿಯಿರಲಿಲ್ಲ. ಈ ಜಾಗ ಎಲ್ಲಿ ಕೈತಪ್ಪೀತೋ ಎಂದು ಪ್ರತಿ ಪೆಟ್ಟಿಗೆಯನ್ನೂ ಮುಚ್ಚುವ ಮುಂಚೆ ಮತ್ತೊಮ್ಮೆ ಇಣುಕುತ್ತಿದ್ದಳು.

ಕೆಲಸವೇನೋ ಸುಲಭ. ಮುಚ್ಚಳದ ಮೇಲೆ ಸಮುದ್ರದ ಚಿತ್ರವಿದ್ದರೆ ಮೀನು, ತಿಮಿಂಗಿಲ. ಮರವಿದ್ದರೆ ಗಿಳಿ, ಅಳಿಲು, ಬಾವಲಿ. ಹುಲ್ಲುಗಾವಲಾದರೆ ಹಸು, ಮೊಲ, ಹಾವು. ಪುಟ್ಟ ಮಕ್ಕಳ ಶಾಲೆಗಳಿಗೆ ಹೋಗುವ ಸರಕು.

ಆದರೆ ಹಿಂದಿನ ಸಂಜೆ ಶಾಲೆಯಲ್ಲಿ ಮೇಷ್ಟ್ರು, ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡಿಸುತ್ತದೆ ಎಂದಿದ್ದರು. ಬೆಳಿಗ್ಗೆ ಅದನ್ನು ಮೀನಿನ ಪಕ್ಕ ಇಡಲು ಅವಳಿಗೆ ಕೈಯೇ ಬರಲಿಲ್ಲ. ಗೊತ್ತಿದ್ದೂ ಮಕ್ಕಳಿಗೆ ಸುಳ್ಳು ಹೇಳುವುದೇ? ಹಸುವಿನ ಪಕ್ಕ ಇಟ್ಟಳು. ಅಳಿಲು, ಬಾವಲಿಗಳನ್ನೂ ಅಲ್ಲಿಗೇ ಸಾಗಿಸಿದಳು.

ಮಧ್ಯಾಹ್ನ ಯಜಮಾನರು ಒಂದು ಮುಚ್ಚಳ ತೆರೆದರು.

"ಏನು ಮೇಡಂ, ತಿಮಿಂಗಿಲ ಹುಲ್ಲು ಮೇಯೋಕೆ ಬಂದಿದೆಯಾ?"

"ಅದು ಮರಿಗೆ ಹಾಲು ಕೊಡುತ್ತೆ, ಸರ್. ಹಸುವಿನ ಪೈಕಿ."

"ಹಂಗಾದ್ರೆ ಒಂದು ಚೊಂಬು ಹಾಲು ಕರ್ಕೊಂಡು ಬಾ, ಚಹಾ ಮಾಡ್ಸೋಣ." ಸುತ್ತಲಿದ್ದವರು ನಕ್ಕರು. ಯಜಮಾನರು ನಗಲಿಲ್ಲ. "ಸಮುದ್ರದ ಪೆಟ್ಟಿಗೇಲಿ ತಿಮಿಂಗಿಲ ಇಲ್ಲದಿದ್ರೆ ಯಾರು ತಗೋತಾರೆ? ಸಂಜೆ ಲಾರಿ ಬರುತ್ತೆ. ಅಷ್ಟರಲ್ಲಿ ಸರಿಯಾಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ಉಜ್ಜೋ ಮೇಜು."

ಮೊದಲಿನಂತೆ ಇಟ್ಟರೆ ಬಾವಲಿ ಗಿಳಿಯ ಬಳಗವೆಂದು ಮಕ್ಕಳು ತಿಳಿದಾರು. ಹೀಗೇ ಬಿಟ್ಟರೆ ತಿಮಿಂಗಿಲಕ್ಕೆ ನೀರೇ ಇಲ್ಲ. ಎರಡೂ ಸರಿ, ಎರಡೂ ತಪ್ಪು. ತನ್ನ ಅರೆಬರೆ ಓದೇ ತನಗೆ ಮುಳುವಾಯಿತೇ?

ನೀರು ಕುಡಿಯಲು ಹೋದಳು. ಅಲ್ಲಿ ಎಲ್ಲರ ಲೋಟಗಳೂ ಒಂದೇ ಹಲಗೆಯ ಮೇಲಿದ್ದವು. ಕಾರ್ಖಾನೆಯಲ್ಲಿ ಬಣ್ಣ ಬಳಿಯುವವಳು ಅವಳ ಅತ್ತೆಯೇ. ಲೋಟಕ್ಕಾಗಿ ದಿನಾ ಕಿತ್ತಾಟ ನೋಡಲಾರದೆ, ಒಂದೊಂದು ಮನೆಯವರದಕ್ಕೆ ಒಂದೊಂದು ಬಣ್ಣದ ಚುಕ್ಕಿಯನ್ನು ತಳದಲ್ಲಿಟ್ಟಿದ್ದಳು. ಸೊಸೆ ಲೋಟ ಬೋರಲು ಮಾಡಿದಳು. ಕೆಂಪು. ಅತ್ತೆಯದೂ ಕೆಂಪೇ. ನಡುವೆ ಬೇರೆ ಮನೆಯವರ ಹಸಿರು, ನೀಲಿ. ಇರುವುದು ಮಾತ್ರ ಒಂದೇ ಹಲಗೆ.

ಲೋಟ ಹಿಡಿದೇ ಅತ್ತೆಯ ಬಳಿಗೆ ಓಡಿದಳು. "ಅತ್ತೆ, ಬೇಗ ಒಣಗೋ ಬಣ್ಣ ಇದೆಯಾ?"

"ನಿನ್ನ ಮುಖಕ್ಕಾ? ಸುಣ್ಣ ಬಳಿದಂಗಾಗಿದೆ."

"ಪ್ರಾಣಿಗಳ ತಳಕ್ಕೆ. ಪೆಟ್ಟಿಗೆ ಎಲ್ಲಿ ವಾಸ ಅನ್ನುತ್ತೆ. ಚುಕ್ಕಿ ಯಾರ ಪೈಕಿ ಅನ್ನುತ್ತೆ. ಹಾಲೂಡಿಸೋವಕ್ಕೆಲ್ಲ ಕೆಂಪು."

ಅತ್ತೆ ಕುಂಚ ಅದ್ದಿದಳು. ಸೊಸೆ ಪೆಟ್ಟಿಗೆ ಬಿಚ್ಚುತ್ತ, ತಿಮಿಂಗಿಲವನ್ನು ಸಮುದ್ರಕ್ಕೆ, ಬಾವಲಿಯನ್ನು ಮರಕ್ಕೆ ಹಿಂದಿರುಗಿಸುತ್ತ ಬಣ್ಣ ಹೇಳಿದಳು.

"ಗಿಳಿ?"

"ನೀಲಿ."

"ಬಾವಲಿ?"

"ಕೆಂಪು."

"ಅಯ್ಯೋ, ಅದೂ ನಮ್ಮ ಪೈಕೀನಾ? ಇರ್ಲಿ ಬಿಡು, ನಿನ್ನ ಮಾವನೂ ರಾತ್ರಿಯೆಲ್ಲ ತಿರುಗೋರೇ."

ಯಾವ ಬಣ್ಣ ಯಾವ ಬಳಗ ಎಂಬುದನ್ನು ಅವಳು ಪ್ರತಿ ಮುಚ್ಚಳದ ಒಳಗೂ ಗುಂಡಗೆ ಬರೆದಳು. ಬರೆದದ್ದನ್ನು ಮತ್ತೆ ಓದಿದಳು. ಹಾವಿಗೆ ಬೇರೆಯೇ ಬಳಗದ ಬಣ್ಣ ಹೇಳಿದ್ದು ಸರಿಯೇ ಎಂದು ಎದ್ದುಹೋಗಿ ಪಾಠದ ಪುಸ್ತಕ ನೋಡಿ ಬಂದಳು. ಸರಿಯಿತ್ತು.

ಲಾರಿ ಬಂತು. ಯಜಮಾನರು ಸಮುದ್ರದ ಪೆಟ್ಟಿಗೆ ತೆರೆದು ತಿಮಿಂಗಿಲವನ್ನು ಎತ್ತಿದರು, ಹೊಟ್ಟೆಯಡಿ ನೋಡಿದರು. ಹುಲ್ಲುಗಾವಲಿನ ಪೆಟ್ಟಿಗೆಯ ಹಸುವನ್ನು ಬೋರಲು ಮಾಡಿದರು. ಆಮೇಲೆ ಮೊಲ. ಆಮೇಲೆ, ಕೆಲಸವೇ ಇಲ್ಲದವರಂತೆ, ಮರದ ಪೆಟ್ಟಿಗೆಯನ್ನೂ ತೆರೆದು ಅಳಿಲನ್ನು ಹುಡುಕತೊಡಗಿದರು. ಹೊರಗೆ ಡ್ರೈವರ್ ಹಾರ್ನ್ ಹೊಡೆದ.

"ಇರಯ್ಯ," ಎಂದರು ಯಜಮಾನರು, ಬಾವಲಿಯನ್ನು ತಿರುಗಿಸುತ್ತ. "ಓಹೋ. ಇದೂನಾ?"

"ಹೂಂ ಸರ್," ಎಂದಳು ಅವಳು.

"ಶಾಲೆಯವರು ಏನಂತಾರೋ ನೋಡೋಣ." ಅವರು ಬಾವಲಿಯನ್ನು ಗಿಳಿಯ ಪಕ್ಕ ಇಟ್ಟು ಮುಚ್ಚಿದರು. "ನಾಳೆ ಕಪ್ಪೆ ಬರುತ್ತೆ. ಅದಕ್ಕೆ ಯಾವ ಬಣ್ಣ ಅಂತ ಇವತ್ತೇ ನಿನ್ನ ಮೇಷ್ಟ್ರನ್ನ ಕೇಳ್ಕೋ. ಬೆಳಿಗ್ಗೆ ಬಂದು ಇಲ್ಲೇ ಈ ಮೇಜಿಗೇ ಕೂತ್ಕೋ."

ಸಂಜೆ ಶಾಲೆಗೆ ಹೊತ್ತಾಗಿತ್ತು. ಬೆರಳ ತುದಿಯ ಕೆಂಪು ಬಣ್ಣವನ್ನು ತೊಳೆಯದೆಯೇ ಅವಳು ಓಡಿದಳು.