ಬಾಗಿಲು ಕಾದವಳ ಕಲ್ಲು

ಅಂಗಡಿಗೆ ಬಂದ ಹೆಂಗಸು ಕೊರಳಿನ ಪದಕ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟಳು. ಬೆಳ್ಳಿಯ ಕಟ್ಟು, ದಾಳಿಂಬೆ ಬೀಜದ ಬಣ್ಣದ ಕಲ್ಲು. ಮೊನ್ನೆ ತಾನೇ ಮಾರಿದ್ದೆಂದು ಸಣ್ಣಿಗೆ ಕೂಡಲೇ ಗುರುತು ಹತ್ತಿತು. ಮಾರಿದ ಒಡವೆ ವಾಪಸ್ ಬಂದರೆ ಒಳಗೆ ಕೂತ ಭಾವನ ಮುಖ ಹೇಗಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

"ಕೊಂಡಿ ಸಡಿಲ ಆಯ್ತಾ ಅಕ್ಕ?"

"ಕೊಂಡಿಗೇನೂ ಆಗಿಲ್ಲ. ನಾನು ಬಂದಿದ್ದು ಬೇರೆ ವಿಷಯಕ್ಕೆ." ಹೆಂಗಸು ಪ್ಯಾಂಟಿನ ಜೇಬಿನಿಂದ ಒಂದು ಕಾರ್ಡು ತೆಗೆದಳು. ಮಡಚಿ ಮಡಚಿ ಅದರ ಅಂಚು ಸವೆದಿತ್ತು. "ಇದನ್ನ ಬರೆದಿದ್ದು ಯಾರು?"

"ನಾನೇ."

"ಹಾಗಾದ್ರೆ ಹೇಳಿ. ಆಮೇಲೇನಾಯ್ತು?"

ಸಣ್ಣಿ ತಬ್ಬಿಬ್ಬಾದಳು. ಹರಳಿನ ಪದಕಗಳು ಖರ್ಚಾಗದೆ ಧೂಳು ಹಿಡಿಯುತ್ತಿದ್ದಾಗ ಪ್ರತಿ ಕಲ್ಲಿಗೂ ನಾಲ್ಕು ಸಾಲು ಬರೆದು ಜೊತೆಗಿಡು ಎಂದವನು ಭಾವ. ಹಸಿರಿಗೆ ನೆಮ್ಮದಿ, ಹಳದಿಗೆ ವಿದ್ಯೆ ಎಂದು ಅವಳು ಅಲ್ಲಿ ಇಲ್ಲಿ ಓದಿದ್ದನ್ನು ಹೆಕ್ಕಿ ಬರೆದಿದ್ದಳು. ಕೆಂಪು ಕಲ್ಲಿಗೆ ಮಾತ್ರ ಅಮ್ಮ ಹೇಳುತ್ತಿದ್ದ ಕಥೆಯನ್ನೇ ಇಳಿಸಿದ್ದಳು. ಕತ್ತಲಿನ ಸೈನ್ಯ ಏರಿ ಬಂದಾಗ ದೇವತೆಗಳೆಲ್ಲ ದಿಕ್ಕಾಪಾಲಾಗಿ ಓಡಿದರು. ಸೂರ್ಯನ ಮನೆಯ ಬಾಗಿಲಲ್ಲಿ ಕೆಂಪು ಕಲ್ಲು ಧರಿಸಿ, ಕತ್ತಿ ಹಿಡಿದು ಒಬ್ಬಳೇ ನಿಂತವಳು ಒಬ್ಬ ವೀರವನಿತೆ. 'ಈ ಕಲ್ಲು ನಿಮ್ಮೊಳಗಿನ ವೀರವನಿತೆಯನ್ನು ಎಬ್ಬಿಸುತ್ತದೆ' ಎಂಬ ಕೊನೆಯ ಸಾಲು ಭಾವನದು.

"ನಾನು ಕ್ರೇನ್ ಓಡಿಸ್ತೀನಿ," ಎಂದಳು ಹೆಂಗಸು. "ಆಚೆ ಬೀದಿಯಲ್ಲಿ ದೊಡ್ಡ ಕಟ್ಟಡ ಏಳ್ತಿದೆಯಲ್ಲ, ಅಲ್ಲಿ. ಎಲ್ಲರಿಗಿಂತ ಮೇಲೆ ಕೂರ್ತೀನಿ ಅಂತ ನನ್ನನ್ನ ಹದ್ದು ಅಂತ ಕರೀತಿದ್ರು. ಹೋದ ತಿಂಗಳು ಹಗ್ಗ ತುಂಡಾಗಿ ಕಬ್ಬಿಣದ ಕಟ್ಟು ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿಂದ ನನಗೆ ಏಣಿ ಹತ್ತೋಕೆ ಆಗ್ತಿಲ್ಲ. ಸೋಮವಾರವೂ ಹತ್ತಲಿಲ್ಲ ಅಂದ್ರೆ ಬೇರೆಯವರನ್ನ ಕೂರಿಸ್ತಾರಂತೆ. ನಾನು ಉಗ್ರಾಣದಲ್ಲಿ ಮೊಳೆ ಎಣಿಸ್ಕೊಂಡು ಇರಬೇಕು."

"ಕಲ್ಲು ಕೆಲಸ ಮಾಡಲಿಲ್ಲ ಅಂತ..."

"ಕಲ್ಲಿನ ಮೇಲೆ ನನಗೇನೂ ಸಿಟ್ಟಿಲ್ಲ ತಾಯಿ. ಇದನ್ನ ಹಾಕ್ಕೊಂಡು ಹೋಗಿ ಏಣಿ ಬುಡದಲ್ಲಿ ನಿಂತೆ. ಒಳಗಿಂದ ಯಾರೂ ಏಳಲಿಲ್ಲ, ಅಷ್ಟೇ. ಆದರೆ ಈ ಕಾರ್ಡಿನಲ್ಲಿರೋ ಹೆಂಗಸಿನ ಯೋಚನೆ ತಲೆ ಕೊರೀತಿದೆ. ಎದುರಿಗೆ ಅಷ್ಟು ದೊಡ್ಡ ಸೈನ್ಯ. ಅವಳಿಗೆ ಕೈಕಾಲು ನಡುಗಲಿಲ್ವಾ? ನಡುಗಿದ್ರೆ ಏನು ಮಾಡಿದಳು?"

ಸಣ್ಣಿಗೆ ಗೊತ್ತಿರಲಿಲ್ಲ. 'ಒಬ್ಬಳೇ ನಿಂತಳು. ಇನ್ನು ನೀನು ಮಲಗು' ಎಂದು ಅಮ್ಮ ಯಾವಾಗಲೂ ಅಲ್ಲಿಗೇ ಮುಗಿಸಿಬಿಡುತ್ತಿದ್ದಳು. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಇಷ್ಟು ಕಾಲ ಆ ಕಥೆಗೆ ಮುಂದಿನ ಭಾಗ ಇರಬಹುದೆಂದು ತನಗೇಕೆ ಹೊಳೆಯಲಿಲ್ಲ?

"ಕೇಳಿ ಹೇಳ್ತೀನಿ," ಎಂದಳು.

ಹೆಂಗಸು ಪದಕವನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೋದಳು. ಭಾವ ಕಣ್ಣಿಗೆ ಸಿಕ್ಕಿಸಿದ ಮಸೂರವನ್ನು ತೆಗೆಯದೆಯೇ ಒಳಗಿನಿಂದ ಅಂದ, "ಅಷ್ಟಗಲದ ಕಾರ್ಡಿಗೆ ಅಷ್ಟೇ ಕಥೆ ಸಾಕು. ನೀನು ಇಲ್ಲದ ಉಸಾಬರಿ ಹಚ್ಕೋಬೇಡ."

ಭಾನುವಾರ ಸಣ್ಣಿ ದೊಡ್ಡಮ್ಮನ ಮನೆಗೆ ಹೋದಳು. ಅಮ್ಮನ ಅಕ್ಕ ಹಾಸಿಗೆಯ ತುಂಬ ಒಗೆದ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ಪ್ರಶ್ನೆ ಕೇಳಿದ್ದೇ ತಡ, ಕೈಯಲ್ಲಿದ್ದ ಟವೆಲ್ಲನ್ನು ಅಲ್ಲೇ ಬಿಟ್ಟಳು.

"ತಡಿ, ಹಲ್ಲು ಹಾಕ್ಕೋತೀನಿ. ಈ ಕಥೆಯನ್ನ ಬೊಚ್ಚುಬಾಯಲ್ಲಿ ಹೇಳಬಾರದು."

ಹಲ್ಲಿನ ಸೆಟ್ಟು ಕೂರಿಸಿಕೊಂಡು ಎದುರಿಗೆ ಕೂತಳು.

"ನಡುಗದೆ ಇರ್ತಾಳಾ? ಮೈಯೆಲ್ಲ ಗಡಗಡ ನಡುಗ್ತಿತ್ತಂತೆ. ಹಲ್ಲು ಕಟಕಟ ಅಂತಿತ್ತಂತೆ. ಕತ್ತಲಿಗೆ ಕಣ್ಣಿಲ್ಲ ನೋಡು, ಕಿವಿ ಮಾತ್ರ. ಸದ್ದು ಕೇಳಿದ್ರೆ ಬಾಗಿಲಲ್ಲಿರೋಳು ಹೆದರಿದಾಳೆ ಅಂತ ನುಗ್ಗಿಬಿಡುತ್ತೆ. ಅದಕ್ಕೇ ಕೊರಳಿನ ಕಲ್ಲನ್ನ ಎತ್ತಿ ಹಲ್ಲಿನ ನಡುವೆ ಕಚ್ಚಿಕೊಂಡಳು."

"ಕಲ್ಲಿನಿಂದ ಧೈರ್ಯ ಬರಲಿಲ್ವಾ?"

"ಎಲ್ಲಿಂದ ಬರಬೇಕು? ಹಲ್ಲಿನ ಸದ್ದು ನಿಲ್ತು. ಅಷ್ಟೇ."

ಸಣ್ಣಿ ಒಂದು ಬಟ್ಟೆ ಎತ್ತಿಕೊಂಡು ಮಡಚಿದಳು. ಆಮೇಲೆ ಕೇಳಿದಳು, "ಅಮ್ಮ ಯಾಕೆ ಇದನ್ನ ನನಗೆ ಹೇಳಲೇ ಇಲ್ಲ?"

"ಚಿಕ್ಕಂದಿನಲ್ಲೇ ಅವಳಿಗೆ ಈ ಭಾಗ ಅಂದ್ರೆ ಆಗ್ತಿರಲಿಲ್ಲ. ಹೆದರಿದೋಳು ಎಂಥಾ ವೀರವನಿತೆ ಅಂತ ನನ್ನ ಜೊತೆ ಜಗಳಕ್ಕೆ ಬರೋಳು." ದೊಡ್ಡಮ್ಮ ಟವೆಲ್ಲನ್ನು ಎತ್ತಿಕೊಂಡು ಅಂಚು ಸರಿಮಾಡಿದಳು. "ಕೊನೇ ಸಲ ಆಸ್ಪತ್ರೆಗೆ ಹೊರಟಾಗ, ಕಾರಿನಲ್ಲಿ, 'ಅಕ್ಕ, ಆ ಕಥೆ ಹೇಳು, ಕಲ್ಲು ಕಚ್ಚಿಕೊಂಡಿದ್ದನ್ನೂ ಹೇಳು' ಅಂದಳು. ದಾರಿಯುದ್ದಕ್ಕೂ ಹೇಳಿದೆ. ನೀನು ಮುಂದಿನ ಸೀಟಲ್ಲಿ ಕೂತಿದ್ದೆ. ನಿನಗೆ ಕೇಳಿಸಿರಲಿಕ್ಕಿಲ್ಲ."

ಆ ಕಾರು ಸಣ್ಣಿಗೆ ನೆನಪಿತ್ತು. ಹಿಂದಿನಿಂದ ಗುಸುಗುಸು ಕೇಳಿಸಿತ್ತು. ಅಕ್ಕತಂಗಿಯರು ಮನೆ ವಿಷಯ ಏನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದಳು.

ಸಂಜೆ ಅವಳು ಕೆಂಪು ಕಲ್ಲಿಗೆ ಹೊಸ ಕಾರ್ಡು ಬರೆದಳು. ಭಾವ ಓದಿ, ತಿರುಗಿಸಿ ನೋಡಿ, ಮತ್ತೆ ಓದಿದ.

"ಹೆದರಿದವಳ ಕಲ್ಲನ್ನ ಯಾರು ಕೊಳ್ತಾರಮ್ಮ?"

"ಹೋದ ವಾರ ಒಬ್ಬರು ಕೊಂಡಿದಾರಲ್ಲ ಭಾವ."

ಅವನು ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡ. ಕಾರ್ಡನ್ನು ಹರಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗುವ ಬದಲು ಸಣ್ಣಿ ನೇರ ಆ ಕಟ್ಟಡದ ಹತ್ತಿರ ಹೋದಳು. ಹದ್ದು ಏಣಿಯ ಬುಡದಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. ದೂರದಲ್ಲಿ ಕೆಲಸದವರು ಅವಳತ್ತ ನೋಡಿಯೂ ನೋಡದವರಂತೆ ಬಕೆಟ್ಟು, ಸನಿಕೆ ಎತ್ತಿಡುತ್ತಿದ್ದರು. ಸಣ್ಣಿ ಬೇಲಿಯ ಪಕ್ಕ ಅವಳನ್ನು ಕರೆದು, ದೊಡ್ಡಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಹದ್ದು ತುಟಿ ಬಿಗಿಹಿಡಿದು ಕೇಳಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ನಗುತ್ತಿದ್ದಳು.

"ನುಂಗಿಬಿಟ್ಟಿದ್ರೆ ಏನು ಮಾಡ್ತಿದ್ದಳು?"

"ನುಂಗಿದ್ರೆ ನಮ್ಮ ಭಾವ ಇನ್ನೊಂದು ಮಾರ್ತಿದ್ರು."

"ಗೆದ್ದಳಾ?"

"ಬೆಳಗಾಗೋವರೆಗೂ ನಿಂತಿದ್ದಳಂತೆ. ಅದರಾಚೆಗೆ ದೊಡ್ಡಮ್ಮನಿಗೂ ಗೊತ್ತಿಲ್ಲ."

"ಹೌದಾ," ಎಂದಳು ಹದ್ದು. ಇನ್ನೇನೋ ಕೇಳುವವಳಂತೆ ಬಾಯಿ ತೆರೆದು, ಕೇಳದೆ ತಿರುಗಿ ನಡೆದಳು. ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಪದಕವನ್ನು ಅಂಗಿಯೊಳಗಿಂದ ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡಳು.

ನಿಧಾನ ಹತ್ತಿದಳು. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಕೆಳಗೆ ಬಕೆಟ್ಟಿನ ಸದ್ದೂ ನಿಂತಿತು. ಕಂಬಿ ಹಿಡಿದ ಕೈ ಬಹಳ ಹೊತ್ತು ಅಲ್ಲೇ ಇತ್ತು. ಕೊನೆಗೆ ಒಂದು ಕೈ ಮೇಲಕ್ಕೆ ಹೋಯಿತು, ಅದರ ಹಿಂದೆ ಇನ್ನೊಂದು. ಮೇಲಿನ ಗಾಜಿನ ಕೋಣೆಯ ಬಾಗಿಲು ತೆರೆದು ಮುಚ್ಚಿಕೊಂಡಾಗ ಅವಳು ಅಂಗೈಯಷ್ಟೂ ಕಾಣುತ್ತಿರಲಿಲ್ಲ.

ಸಣ್ಣಿ ಕತ್ತೆತ್ತಿ ನಿಂತೇ ಇದ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ನೆಲದ ಮೇಲೆ ಮರಳಿನ ರಾಶಿಯಿಂದ ಕ್ರೇನಿನ ತೋಳಿನ ಉದ್ದನೆಯ ನೆರಳು ಜಾರಿ ಹೊರಟು, ನೀರು ತುಂಬಿದ ಡ್ರಮ್ಮಿನ ಬಾಯಿಯನ್ನು ದಾಟಿ, ಅವಳ ಕಾಲ ಮೇಲೆ ಹಾದು, ಬೇಲಿಯಾಚೆಯ ರಸ್ತೆಗೆ ಹೋಯಿತು.